ಚಾವಣಿಯ ಕಂಬಿಗೆ ಎಷ್ಟು ಹೊದಿಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ತೆಂಗಿನಕಾಯಿಯನ್ನು ತಟ್ಟಿ ನೋಡದೆ ಕೊಳ್ಳುವವರು ಅಪರೂಪ. ಸದ್ದು ಕೇಳಿಯೇ ಒಳಗಿನ ಸಂಗತಿ ಹೇಳುವ ಕಿವಿ ನಿಮ್ಮದು. ಆ ಕಿವಿಯನ್ನು ಒಮ್ಮೆ ನಿಮ್ಮ ಬಚ್ಚಲುಮನೆಯ ಚಾವಣಿಗೂ ಕೊಡಿರಿ. ಉಬ್ಬಿದ ಭಾಗದ ನೇರ ಕೆಳಗೆ ನಿಲ್ಲದೆ, ಪಕ್ಕದಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿರಿ. ಗಟ್ಟಿಯಿದ್ದ ಕಡೆ ಸದ್ದು ಖಣಿಲ್ಲೆನ್ನುತ್ತದೆ; ಕೆಲವು ಕಡೆ ಡೊಬ್ಬೆಂದು ಟೊಳ್ಳು ಕೇಳಿಸುತ್ತದೆ. ಅಲ್ಲಿ ಕಾಂಕ್ರೀಟು ಕಂಬಿಯನ್ನು ಬಿಟ್ಟಿದೆ ಎಂದು ತಿಳಿಯಬೇಕು.

ಹೀಗೇಕಾಗುತ್ತದೆ? ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅಗೆದ ಕೆಂಪು ಕಬ್ಬಿಣದ ಅದಿರನ್ನು ನೀವು ಕಂಡಿದ್ದೀರಿ. ತುಕ್ಕು ಅದರ ಹತ್ತಿರದ ಬಂಧು. ಕುಲುಮೆಯಲ್ಲಿ ಬಹಳ ಶಾಖ ಕೊಟ್ಟು ಅದಿರಿನಿಂದ ಬಿಡಿಸಿ ತಂದ ಕಬ್ಬಿಣವು, ಗಾಳಿ ನೀರು ಸಿಕ್ಕಿದೊಡನೆ ಮತ್ತೆ ಅದಿರಾಗಲು ಹವಣಿಸುತ್ತದೆ. ಹೊಸ ಕಾಂಕ್ರೀಟಿನೊಳಗೆ ಮಾತ್ರ ಅದಕ್ಕೆ ತಡೆಯುಂಟು. ಸಿಮೆಂಟಿನ ಸುಣ್ಣದಂಶ ಬಲವಾದ ಕ್ಷಾರ. ಅದರ ನಡುವೆ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆದಿಡುತ್ತದೆ.

ಆದರೆ ನಾವು ಉಸಿರು ಬಿಡುವಾಗ, ಒಲೆ ಉರಿಸುವಾಗ ಹೊರಡುವ ಇಂಗಾಲಾಮ್ಲ ಅನಿಲವು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಈ ಕ್ಷಾರವನ್ನು ಹೊರಗಿನಿಂದ ಒಳಕ್ಕೆ ಮೆಲ್ಲಮೆಲ್ಲಗೆ ಕಳೆಯುತ್ತಾ ಬರುತ್ತದೆ. ಅದು ಕಂಬಿಯನ್ನು ಮುಟ್ಟಿದ ದಿನ ಪೊರೆ ಹೋಯಿತು. ಆ ಮೇಲೆ ಒದ್ದೆಯೊಂದೇ ಬಾಕಿ.

ಇಲ್ಲಿರುವ ಲೆಕ್ಕವನ್ನು ಮಾತ್ರ ಮನಸ್ಸಿಟ್ಟು ನೋಡಿರಿ. ಅನಿಲ ಒಳಹೊಕ್ಕ ಆಳವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಅಂದರೆ, ಒಂದು ಚಾವಣಿಯಲ್ಲಿ 20 ಮಿಲಿಮೀಟರ್ ದಾಟಲು 48 ವರ್ಷ ಬೇಕಾದರೆ, 10 ಮಿಲಿಮೀಟರ್ ದಾಟಲು 24 ಬೇಡ, 12 ವರ್ಷ ಸಾಕು. ಹೊದಿಕೆ ಅರ್ಧವಾದರೆ ರಕ್ಷಣೆಯ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ! ಕಟ್ಟಡದ ಭಾರತೀಯ ಮಾನಕ 456, 1978ರ ಆವೃತ್ತಿಯಲ್ಲಿ, ಚಾವಣಿಗೆ ಕನಿಷ್ಠ 15, ತೊಲೆಗೆ 25, ಕಂಬಕ್ಕೆ 40 ಮಿಲಿಮೀಟರ್ ಹೊದಿಕೆ ಕೇಳುತ್ತಿತ್ತು. 2000ದ ಆವೃತ್ತಿ ಕಟ್ಟಡವಿರುವ ಹವೆಯನ್ನು ನೋಡಿ ಇದನ್ನು ಗೊತ್ತುಮಾಡುತ್ತದೆ.

ಕಾಗದದ ಮೇಲಿನ 15 ಮಿಲಿಮೀಟರ್ ಮೋಲ್ಡ್ ಹಾಕುವ ದಿನ ಎಲ್ಲಿಗೆ ಹೋಗುತ್ತದೆ? ಕಂಬಿಯ ಕೆಳಗೆ ಮೇಸ್ತ್ರಿ ಇಟ್ಟ ಜಲ್ಲಿಚೂರು ಜಾರುತ್ತದೆ. ಬಾಂಡ್ಲಿ ಹೊತ್ತವರು ಕಂಬಿಯ ಮೇಲೆಯೇ ನಡೆಯುತ್ತಾರೆ. ಕಂಬಿ ಬಾಗಿ ಸೆಂಟ್ರಿಂಗಿನ ತಗಡನ್ನು ತಾಗುತ್ತದೆ. ಮೇಲೆ ಗಾರೆ ಬಳಿದ ಮೇಲೆ ಯಾರಿಗೆ ಕಾಣಬೇಕು? ಗೃಹಪ್ರವೇಶದ ದಿನ ಎಲ್ಲ ಚಾವಣಿಗಳೂ ಒಂದೇ ಥರ ಕಾಣುತ್ತವೆ.

ಮನೆಯಲ್ಲೆಲ್ಲ ಮೊದಲು ಕೆಡುವ ಜಾಗ ಸಾಮಾನ್ಯವಾಗಿ ಬಚ್ಚಲು. ಹಂಡೆಯ ಒಲೆಗೆ ಮಟ್ಟೆ, ಗರಿ, ಕರಟ ತುಂಬಿ ಉರಿಸುವ ಮನೆಗಳಲ್ಲಿ ಹೊಗೆಯ ಅನಿಲವೂ ನೀರಿನ ಹಬೆಯೂ ಒಟ್ಟಿಗೆ ಚಾವಣಿಗೆ ಬಡಿಯುತ್ತವೆ. ಮೇಲಿನಿಂದ ಮಳೆನೀರು ಒಸರುತ್ತಿದ್ದರೆ ಕೇಳುವುದೇ ಬೇಡ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಗಾತ್ರಕ್ಕಿಂತ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ. ತೆಳ್ಳನೆಯ ಹೊದಿಕೆ ತಡೆಯಲಾರದೆ ಕಂಬಿಯ ಉದ್ದಕ್ಕೂ ಸೀಳುತ್ತದೆ. ಆ ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. 10 ಮಿಲಿಮೀಟರ್ ಕಂಬಿ ಸವೆದು 8 ಆಯಿತೆಂದರೆ, 'ಎರಡೇ ತಾನೆ' ಎನ್ನಬೇಡಿರಿ. ಅದರ ಅಡ್ಡಗಾತ್ರದಲ್ಲಿ ಉಳಿದದ್ದು ನೂರಕ್ಕೆ 64 ಮಾತ್ರ.

ನಿಮ್ಮ ಸೀಮೆಗೆ ಇನ್ನೊಂದು ಮಾತು ಸೇರಿಸಬೇಕು. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಡುವುದು ಹಳೆಯ ವಾಡಿಕೆ. ಈಗ ಎಷ್ಟೋ ಮನೆಗಳಲ್ಲಿ ಮರದ ಅಟ್ಟದ ಬದಲು ಕಾಂಕ್ರೀಟಿನ ಚಾವಣಿಯೇ ಆ ಭಾರ ಹೊರುತ್ತದೆ. ಕಾಯಿ ಒಂದಕ್ಕೆ ಒಂದು ಕಿಲೋ ಎಂದಿಟ್ಟುಕೊಂಡರೆ 3,000 ಕಾಯಿಗೆ ಮೂರು ಟನ್ನು. ಹತ್ತು ಅಡಿ ಹನ್ನೆರಡು ಅಡಿಯ ಕೋಣೆಯ ಮೇಲೆ ಅದು ಚದರ ಮೀಟರಿಗೆ ಸುಮಾರು 270 ಕಿಲೋ. ವಾಸದ ಕೋಣೆಯ ನೆಲಕ್ಕೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು 200 ಕಿಲೋ. ಕಂಬಿ ಸವೆದ ಚಾವಣಿಯ ಮೇಲೆ ಈ ರಾಶಿ, ಅದರ ಕೆಳಗೆ ಮಕ್ಕಳ ಹಾಸಿಗೆ! ಟೊಳ್ಳು ಸದ್ದು ಕೇಳಿಸಿದರೆ ಆ ದಿನವೇ ಕಾಯಿ ಇಳಿಸಿರಿ, ಹಾಸಿಗೆ ಬೇರೆ ಕೋಣೆಗೆ ಹೋಗಲಿ.

ಅನುಭವಸ್ಥ ಇಂಜಿನಿಯರು ಬಂದರೆ ಸಣ್ಣ ಯಂತ್ರ ಹಿಡಿದು, ಒಡೆಯದೆಯೇ ಹೊದಿಕೆಯ ದಪ್ಪ ಅಳೆಯುತ್ತಾರೆ. ಹೊಸದಾಗಿ ಕೆತ್ತಿದ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹೋದ ಭಾಗ ಹಾಗೆಯೇ ಉಳಿಯುತ್ತದೆ. ರಿಪೇರಿಯೆಂದರೆ ಬಿದ್ದ ಚಕ್ಕೆಯ ಜಾಗಕ್ಕೆ ಗಾರೆ ಮೆತ್ತಿ ಸುಣ್ಣ ಹೊಡೆಯುವುದೆಂದು ಹಲವರ ಎಣಿಕೆ. ಅದು ಗಾಯವನ್ನು ಬಟ್ಟೆಯಿಂದ ಮುಚ್ಚಿದಂತೆ. ಮೊದಲು ಮೇಲಿನ ಸೋರಿಕೆ ನಿಲ್ಲಬೇಕು. ಕೆಳಗೆ ಆಸರೆ ಕೊಟ್ಟು, ಕಂಬಿಯ ಹಿಂಬದಿಯವರೆಗೂ ಸಡಿಲ ಕಾಂಕ್ರೀಟು ತೆಗೆದು, ತುಕ್ಕನ್ನು ಪೂರ್ತಿ ಉಜ್ಜಿ, ಸವೆದಲ್ಲಿ ಹೊಸ ಕಂಬಿ ಸೇರಿಸಿ, ಆ ಮೇಲೆ ರಿಪೇರಿಯ ಗಾರೆ ತುಂಬಬೇಕು.

ಅಂದಹಾಗೆ, ತೋಟಕ್ಕೆ ತಂದ ಉಪ್ಪಿನ ಚೀಲ, ಪೊಟ್ಯಾಷ್ ಚೀಲಗಳನ್ನು ಕಂಬಕ್ಕೆ ಒರಗಿಸಿ ಇಟ್ಟಿದ್ದರೆ ತೆಗೆಯಿರಿ. ಎರಡರಲ್ಲಿಯೂ ಕ್ಲೋರೈಡ್ ಇದೆ. ತೇವದೊಡನೆ ಅದು ಕಂಬಿಗೆ ತಲುಪಿದರೆ, ಕ್ಷಾರ ಉಳಿದಿದ್ದರೂ ಪೊರೆಯನ್ನು ಅಲ್ಲಲ್ಲಿ ಕೊರೆಯುತ್ತದೆ.