ಉಯ್ಯಾಲೆಗೆ ಬೇಕಾದ ಪಟ್ಟಿ ಕಾರಿಗೆ ಬೇಡವೇ?

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಸಾಕು, ಮಕ್ಕಳಿರುವ ಮನೆಗಳಲ್ಲಿ ಒಂದೇ ಬೇಡಿಕೆ: ‘ವಂಡರ್‌ಲಾಗೆ ಯಾವಾಗ?’ ನಂಜನಗೂಡು ತಾಲ್ಲೂಕಿನ ಬದನವಾಳು ಕೂಡ ಇದಕ್ಕೆ ಹೊರತಲ್ಲ. ಒಂದು ಕಾಲಕ್ಕೆ ಈ ಸೀಮೆಯ ಮಕ್ಕಳಿಗೆ ಸುತ್ತೂರು ಜಾತ್ರೆಯ ತಿರುಗುವ ತೊಟ್ಟಿಲೇ ದೊಡ್ಡ ಮೋಜಾಗಿತ್ತು. ದೆಹಲಿಯಲ್ಲಿ 1984ರಲ್ಲಿ ‘ಅಪ್ಪು ಘರ್’ ತೆರೆದಾಗ ಅದು ಇಲ್ಲಿಯವರಿಗೆ ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ. ಈಗ ಮೈಸೂರಿನಲ್ಲೇ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಇನ್ನೂ ಮುಂದೆ, ಬಿಡದಿಯ ಬಳಿ 2005ರಲ್ಲಿ ಆರಂಭವಾದ, ಸುಮಾರು 80 ಎಕರೆಯ ವಂಡರ್‌ಲಾ ಇದೆ. ಬದನವಾಳಿನಿಂದ ಅಲ್ಲಿಗೆ ಸುಮಾರು 140 ಕಿಲೋಮೀಟರ್. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು.

ಇಂಥ ಪ್ರಯಾಣದ ಮುಂಜಾವು ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಐದು ಜನರ ಬಾಡಿಗೆ ಕಾರಿಗೆ ಏಳು ಜನ. ಪುಳಿಯೋಗರೆಯ ಡಬ್ಬಿ ಅಜ್ಜಿಯ ಕಾಲ ಬಳಿ, ಬದಲಿ ಬಟ್ಟೆಯ ಚೀಲ ಹಿಂದೆ. ಹೈಸ್ಕೂಲಿನ ಅಕ್ಕ ಕಿಟಕಿಗೆ, ತಮ್ಮ ಎರಡು ಸೀಟುಗಳ ನಡುವೆ ನಿಂತುಕೊಂಡು, ಎಲ್ಲಕ್ಕಿಂತ ಚಿಕ್ಕದು ಅಮ್ಮನ ತೊಡೆಯ ಮೇಲೆ. ಮುಂದೆ ಕುಳಿತ ಅಪ್ಪ ಪೊಲೀಸರ ನೆನಪಾಗಿ ಬೆಲ್ಟ್ ಎಳೆದುಕೊಳ್ಳುತ್ತಾರೆ. ಹಿಂದಿನ ಸೀಟಿನ ಬೆಲ್ಟುಗಳು ಸೀಟಿನ ಹೊದಿಕೆಯ ಅಡಿಯಲ್ಲಿ ಎಲ್ಲೋ ಹುದುಗಿವೆ. ಅವನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹಳೆಯ ಸೇತುವೆಯಿಂದ ಹೊಸ ಹೆದ್ದಾರಿಗೆ

ನಂಜನಗೂಡು ದಾಟುವಾಗ ಕಪಿಲಾ ನದಿಯ ಹಳೆಯ ಸೇತುವೆಯನ್ನು ಮಕ್ಕಳಿಗೆ ತೋರಿಸಬೇಕು. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ ಈ ಕಲ್ಲಿನ ಸೇತುವೆಯ ಮೇಲೆ ಮೊದಲು ಎತ್ತಿನ ಗಾಡಿಗಳು ಓಡಾಡಿದವು, ಆಮೇಲೆ ರೈಲೂ ಓಡಿತು. ಮೈಸೂರು ದಾಟಿದರೆ ರಸ್ತೆಯ ಸ್ವರೂಪವೇ ಬೇರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನು ಬಳಸಿಕೊಂಡು ಹೋಗುತ್ತದೆ. ಮದ್ದೂರು ವಡೆಯ ವಾಸನೆಯಾಗಲಿ, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಬಣ್ಣವಾಗಲಿ ಈ ದಾರಿಗೆ ಎದುರಾಗುವುದಿಲ್ಲ. ಎದುರಾಗುವುದು ವೇಗ ಮಾತ್ರ.

ಆ ವೇಗದ ಬೆಲೆಯೂ ಬೇಗನೆ ಗೊತ್ತಾಯಿತು. 2023ರ ಮೊದಲ ಆರೇಳು ತಿಂಗಳಲ್ಲೇ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ದೂರವಿಡಲಾಯಿತು. ಕಾರುಗಳ ವೇಗಕ್ಕೆ ಗಂಟೆಗೆ 100 ಕಿ.ಮೀ. ಮಿತಿ ಬಿತ್ತು, ಕಾವಲಿಗೆ ಕ್ಯಾಮೆರಾಗಳು ಬಂದವು. ಆದರೆ ಕಾರಿನೊಳಗೆ ಯಾರು ಹೇಗೆ ಕುಳಿತಿದ್ದಾರೆ ಎಂಬುದು ಹೆಚ್ಚಾಗಿ ಆ ಕುಟುಂಬಕ್ಕೇ ಬಿಟ್ಟ ವಿಷಯ.

ಉದ್ಯಾನದ ಶಿಸ್ತು

ಮಧ್ಯಾಹ್ನದ ಹೊತ್ತಿಗೆ ಅದೇ ಕುಟುಂಬ ರೋಲರ್ ಕೋಸ್ಟರಿನ ಸಾಲಿನಲ್ಲಿ ನಿಂತಿರುತ್ತದೆ. ಬಾಗಿಲಲ್ಲಿ ಎತ್ತರದ ಅಳತೆಗೋಲು. ಎರಡು ಬೆರಳು ಕಡಿಮೆಯಿದ್ದರೂ ತಮ್ಮನಿಗೆ ಪ್ರವೇಶವಿಲ್ಲ. ಅತ್ತರೂ ಇಲ್ಲ, ಅಪ್ಪ ಕೇಳಿಕೊಂಡರೂ ಇಲ್ಲ. ಒಂದು ಸೀಟಿಗೆ ಒಬ್ಬರೇ. ಎಲ್ಲರೂ ಕುಳಿತ ಮೇಲೆ ಸಿಬ್ಬಂದಿಯೊಬ್ಬರು ಸಾಲಾಗಿ ಬಂದು ಪ್ರತಿಯೊಬ್ಬರ ಮುಂದಿನ ಸರಳನ್ನು ಎಳೆದು, ಅಲುಗಾಡಿಸಿ ನೋಡುತ್ತಾರೆ. ಎಲ್ಲ ಸರಳುಗಳೂ ಬಿಗಿಯಾಗದೆ ಬಂಡಿ ಕದಲುವುದಿಲ್ಲ. ‘ಇಷ್ಟು ದೂರಕ್ಕೆ ಇದೆಲ್ಲ ಯಾಕೆ’ ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಮೂರು ತಾಸು ಕಾರಿನಲ್ಲಿ ಬೆಲ್ಟಿಲ್ಲದೆ ಬಂದವರೇ, ಇಲ್ಲಿ ಮೂರು ನಿಮಿಷದ ಆಟಕ್ಕೆ ತಾವೇ ಸರಳನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತಾರೆ!

ಯಂತ್ರಗಳು ತಪ್ಪುವುದೇ ಇಲ್ಲವೆಂದಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ತೂಗುವ ಆಟವೊಂದು ಮುರಿದು ಬಿದ್ದು ಇಬ್ಬರು ಸತ್ತರು. ಆದರೆ ಅಂಥ ಘಟನೆ ಅಪರೂಪವಾದದ್ದರಿಂದಲೇ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ರಸ್ತೆಯ ಸಾವು ಹಾಗಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ, ಮತ್ತು ಅವರಲ್ಲಿ ಅರ್ಧದಷ್ಟು ಜನ ಚಾಲಕರಲ್ಲ, ಸುಮ್ಮನೆ ಕುಳಿತಿದ್ದವರು.

ಕಣ್ಣಿಗೆ ಕಾಣದ ಎತ್ತರ

ಹಾಗಾದರೆ ಉದ್ಯಾನದಲ್ಲಿ ಹುಟ್ಟುವ ಭಯ ಕಾರಿನಲ್ಲಿ ಏಕೆ ಹುಟ್ಟುವುದಿಲ್ಲ? ಉತ್ತರ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲೇ ಇದೆ. ರೋಲರ್ ಕೋಸ್ಟರಿನ ಬಂಡಿಯನ್ನು ಸರಪಳಿ ಮೊದಲು ಎತ್ತರಕ್ಕೆ ಎಳೆದೊಯ್ಯುತ್ತದೆ. ಅಲ್ಲಿಂದ ಮುಂದೆ ಎಂಜಿನ್ ಬೇಕಿಲ್ಲ. ಎತ್ತರದಲ್ಲಿ ಸಂಗ್ರಹವಾದ ಪ್ರಚ್ಛನ್ನ ಶಕ್ತಿ ಇಳಿಯುತ್ತಾ ಚಲನ ಶಕ್ತಿಯಾಗುತ್ತದೆ. ಮೇಲಿನಿಂದ ಕೆಳಗೆ ನೋಡಿದಾಗ ಎಷ್ಟು ಎತ್ತರದಿಂದ ಬೀಳುತ್ತಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ. ಎದೆ ಝಲ್ಲೆನ್ನುತ್ತದೆ.

ಕಾರಿನ ವೇಗಕ್ಕೂ ಇಂಥ ಒಂದು ಎತ್ತರವಿದೆ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬದಲಾಯಿಸಿ, ಅದರ ವರ್ಗವನ್ನು 19.6ರಿಂದ ಭಾಗಿಸಿದರೆ ಆ ಎತ್ತರ ಮೀಟರುಗಳಲ್ಲಿ ಸಿಗುತ್ತದೆ. ಗಂಟೆಗೆ 40 ಕಿ.ಮೀ. ವೇಗಕ್ಕೆ ಸುಮಾರು 6 ಮೀಟರ್, ಅಂದರೆ ಎರಡು ಅಂತಸ್ತು. 80 ಕಿ.ಮೀ.ಗೆ 25 ಮೀಟರ್, ಎಂಟು ಅಂತಸ್ತು. ವೇಗ ಎರಡು ಪಟ್ಟಾದರೆ ಎತ್ತರ ನಾಲ್ಕು ಪಟ್ಟು. 100 ಕಿ.ಮೀ.ಗೆ 39 ಮೀಟರ್, ಹದಿಮೂರು ಅಂತಸ್ತು! ಹೆದ್ದಾರಿಯಲ್ಲಿ ಸೀಟುಗಳ ನಡುವೆ ನಿಂತಿರುವ ಹುಡುಗ ಹದಿಮೂರನೇ ಅಂತಸ್ತಿನ ಅಂಚಿನಲ್ಲಿ ಕಟಾಂಜನವಿಲ್ಲದೆ ನಿಂತಂತೆ. ಆದರೆ ರಸ್ತೆ ಸಪಾಟು, ಕಿಟಕಿ ಮುಚ್ಚಿದೆ, ಹಾಡು ಕೇಳುತ್ತಿದೆ. ಎತ್ತರ ಕಾಣುವುದಿಲ್ಲ, ಆದ್ದರಿಂದ ಭಯವೂ ಇಲ್ಲ.

ಅಮ್ಮನ ತೊಡೆಗಿಂತ ಭದ್ರ ಜಾಗ ಯಾವುದು ಎನ್ನುವವರಿಗೆ ಇನ್ನೊಂದು ಲೆಕ್ಕ. 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆಗ 20 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 280 ಕಿಲೋ ಭಾರ ತಡೆಯುವಷ್ಟು ಬಲ ಬೇಕು. ಎಂಥ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಪ್ರೀತಿ ಕಡಿಮೆಯೆಂದಲ್ಲ, ತೋಳಿನ ಶಕ್ತಿಗೆ ಮಿತಿಯಿದೆ. ಇಷ್ಟಕ್ಕೂ ಅಮ್ಮನೇ ಬೆಲ್ಟ್ ಹಾಕಿರದಿದ್ದರೆ ಅವಳ ಭಾರವೂ ಮಗುವಿನ ಮೇಲೆಯೇ.

ನೂಲಿನ ಊರಿಗೆ ಗೊತ್ತಿರುವ ಮಾತು

ಬದನವಾಳು ಖಾದಿಯ ಊರು. 1927ರಲ್ಲಿ ಗಾಂಧೀಜಿ ಭೇಟಿ ಕೊಟ್ಟ ಇಲ್ಲಿನ ಖಾದಿ ಕೇಂದ್ರ ನಾಡಿಗೆಲ್ಲ ಪರಿಚಿತ. ಒಂಟಿ ಎಳೆ ಉಗುರಿಗೂ ತುಂಡಾಗುತ್ತದೆ, ನೂರಾರು ಎಳೆಗಳನ್ನು ಒತ್ತಾಗಿ ನೇಯ್ದರೆ ಎಷ್ಟೆಳೆದರೂ ಜಗ್ಗುವುದಿಲ್ಲ ಎಂಬುದನ್ನು ಈ ಊರಿನ ನೂಲುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೀಟ್ ಬೆಲ್ಟ್ ಕೂಡ ಅದೇ: ಪಾಲಿಯೆಸ್ಟರ್ ನೂಲಿನಿಂದ ನೇಯ್ದ, ಸುಮಾರು ಎರಡು ಅಂಗುಲ ಅಗಲದ ಪಟ್ಟಿ. ಒಂದೂವರೆ ಟನ್ನಿನ ಎಳೆತವನ್ನೂ ಅದು ತಾಳಿಕೊಳ್ಳುತ್ತದೆ. ಎದೆ ಮತ್ತು ಸೊಂಟ ಎರಡನ್ನೂ ಹಿಡಿಯುವ ಇಂದಿನ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಸ್ವೀಡನ್ನಿನ ವೋಲ್ವೊ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್. ಕಂಪೆನಿ ಅದನ್ನು ತನಗೊಬ್ಬನಿಗೇ ಇಟ್ಟುಕೊಳ್ಳದೆ, ಇತರ ತಯಾರಕರೂ ಬಳಸಲೆಂದು ಬಿಟ್ಟುಕೊಟ್ಟಿತು.

ಹಿಂದಿನ ಸೀಟಿಗೆ ಬೆಲ್ಟ್ ಬೇಡವೆಂಬುದು ತಪ್ಪು ತಿಳಿವಳಿಕೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ತೀರಿಕೊಂಡಾಗ ದುಬಾರಿ ಕಾರಿನ ಹಿಂದಿನ ಸೀಟಿನಲ್ಲೇ ಇದ್ದರು, ಬೆಲ್ಟ್ ಹಾಕಿರಲಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದ ಅಥವಾ ಮಕ್ಕಳ ಆಸನದಿಂದ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ. ದೊಡ್ಡವರ ಬೆಲ್ಟ್ ಚಿಕ್ಕ ಮಕ್ಕಳ ಕುತ್ತಿಗೆಗೆ ಬರುವುದರಿಂದ, ನಾಲ್ಕೂವರೆ ಅಡಿ ಎತ್ತರವಾದರೂ ಆಗುವವರೆಗೆ ಅವರಿಗೆ ಪ್ರತ್ಯೇಕ ಆಸನವೇ ಒಳ್ಳೆಯದು.

ಮರಳಿ ಬರುವ ದಾರಿ

ಇಡೀ ದಿನದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಸಂಜೆಯ ನಂತರ. ದಿನವೆಲ್ಲ ಬಿಸಿಲಲ್ಲಿ, ನೀರಿನಲ್ಲಿ ಆಡಿ ದಣಿದ ಮಕ್ಕಳು ನಿದ್ದೆಗೆ ಜಾರುತ್ತಾರೆ. ಒಬ್ಬೊಬ್ಬರಾಗಿ ಹಿರಿಯರೂ ತೂಕಡಿಸುತ್ತಾರೆ. ಮುಂಜಾನೆ ನಾಲ್ಕಕ್ಕೆ ಎದ್ದ ಚಾಲಕನಿಗೆ ಮಾತ್ರ ನಿದ್ದೆ ಮಾಡುವ ಹಾಗಿಲ್ಲ. ಆದ್ದರಿಂದ ಮಧ್ಯಾಹ್ನವೇ ಅವನಿಗೆ ಎರಡು ತಾಸು ಮಲಗಲು ಬಿಡಬೇಕು. ಮನೆಯವರೇ ಕಾರು ಓಡಿಸುವುದಾದರೆ ಅವರು ಕೆಲವು ಆಟಗಳನ್ನಾದರೂ ತ್ಯಾಗ ಮಾಡಬೇಕು. ಹೆದ್ದಾರಿ ಊರುಗಳನ್ನು ತಪ್ಪಿಸಿ ಹೋಗುವುದರಿಂದ, ಚಹಾಕ್ಕೆ ಎಲ್ಲಿ ಕೆಳಗಿಳಿಯಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಮದ್ದೂರಿಗೆ ಇಳಿದರೆ ಚಾಲಕನ ಕಣ್ಣಿಗೆ ವಿಶ್ರಾಂತಿ, ಮಕ್ಕಳಿಗೆ ವಡೆ. ಏಳು ಜನರಿದ್ದರೆ ಏಳು ಸೀಟಿನ ವಾಹನವನ್ನೇ ಗೊತ್ತು ಮಾಡಬೇಕು. ಬಾಡಿಗೆ ತುಸು ಹೆಚ್ಚಾದೀತು, ಅಷ್ಟೆ.

ಉದ್ಯಾನದಲ್ಲಿ ಸರಳು ಬಿಗಿಯಾಯಿತೇ ಎಂದು ನೋಡಲು ಸಂಬಳದ ಸಿಬ್ಬಂದಿ ಇದ್ದಾರೆ. ಕಾರಿನಲ್ಲಿ ಆ ಕೆಲಸವನ್ನು ಮನೆಯ ಹೈಸ್ಕೂಲು ಹುಡುಗಿಗೆ ಒಪ್ಪಿಸಬಹುದು. ಅಜ್ಜಿಯಿಂದ ಹಿಡಿದು ತಮ್ಮನವರೆಗೆ ಎಲ್ಲರ ಪಟ್ಟಿಯನ್ನೂ ಎಳೆದು ನೋಡಿ ಅವಳು ‘ರೈಟ್’ ಎಂದ ಮೇಲೆಯೇ ಬದನವಾಳಿನಿಂದ ಬಂಡಿ ಹೊರಡಬೇಕು. ಮರಳುವಾಗಲೂ ಅಷ್ಟೆ.