ಹೊಳೆಯ ಪಾಲಿನ ನೆಲ: ನಾಪಾ ಕಣಿವೆಯಲ್ಲಿ ನಡೆದ ಪರಿಸರ ಪರಿಶೀಲನೆ

ಹೊಳೆಯ ದಡದಲ್ಲಿ ಜಮೀನುಳ್ಳವನಿಗೆ ಲಾಭವೂ ಭಯವೂ ಒಂದೇ ನೀರಿನಿಂದ ಬರುತ್ತವೆ. ನೆರೆಯು ತಂದು ಹರಡುವ ಮೆಕ್ಕಲುಮಣ್ಣಿನಿಂದ ನೆಲವು ಹುಲುಸಾಗುವುದು. ಅದೇ ನೆರೆಯು ಒಂದು ರಾತ್ರಿಯಲ್ಲಿ ಬೆಳೆಯನ್ನೂ ದಡವನ್ನೂ ಕೊಚ್ಚಿಕೊಂಡು ಹೋಗುವುದು. ಈ ಭಯವನ್ನು ನೀಗಿಕೊಳ್ಳಲು ಯಾರಿಗಾದರೂ ಮೊದಲು ತೋರುವ ಉಪಾಯವೆಂದರೆ ಒಡ್ಡು ಹಾಕುವುದು. ಒಬ್ಬನು ತನ್ನ ಜಮೀನಿಗೆ ಒಡ್ಡು ಹಾಕಿದರೆ ನೀರು ಎದುರು ದಡದವನ ಮೇಲೆ ಏರುವುದು; ಅವನೂ ಹಾಕಿದರೆ ಕೆಳಗಣ ಊರಿನವರ ಮೇಲೆ ಬೀಳುವುದು. ಹೀಗೆ ಹೊಳೆಯ ಹರವು ಕಿರಿದಾದಷ್ಟೂ ಅದರ ವೇಗವು ಹೆಚ್ಚುವುದಲ್ಲದೆ ನೆರೆಹೊರೆಯವರ ವ್ಯಾಜ್ಯವೂ ಹೆಚ್ಚುವುದು. ಇಂಥ ವ್ಯಾಜ್ಯವನ್ನು ಕೆಲಸಕ್ಕೆ ಕೈಹಚ್ಚುವುದಕ್ಕೆ ಮೊದಲೇ ಬಹಿರಂಗವಾಗಿ ವಿಚಾರಿಸಿ, ಯಾರಿಗೆ ಎಷ್ಟು ಹಾನಿ, ಅದಕ್ಕೆ ಪರಿಹಾರವೇನು ಎಂಬುದನ್ನು ಬರೆಹದಲ್ಲಿ ಇಡಬೇಕೆಂಬ ನಿಯಮವು ಅಮೆರಿಕಾದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 1970ನೆಯ ಇಸವಿಯಿಂದ ಶಾಸನರೂಪದಲ್ಲಿ ಇರುತ್ತದೆ. ಆ ಸಂಸ್ಥಾನದ ನಾಪಾ ಎಂಬ ಕೌಂಟಿಯಲ್ಲಿ ಅದು ನಡೆದ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ಸ್ಥಳೀಯ ಆಡಳಿತದ ವಿಭಾಗ. ಅದರ ಮೇಲೆ ಜನರಿಂದ ಚುನಾಯಿತರಾದ ಐದು ಮಂದಿಯ ಮಂಡಲಿಯಿರುವುದು. ನಾಪಾ ನದಿಯು ಸುಮಾರು 55 ಮೈಲಿ ಉದ್ದವುಳ್ಳದ್ದು. ದ್ರಾಕ್ಷಿಯ ಬೇಸಾಯಕ್ಕೆ ಹೆಸರಾದ ಕಣಿವೆಯ ನಡುವೆ ಹರಿದು, ನಾಪಾ ಪಟ್ಟಣವನ್ನು ಹಾದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರಭಾಗವಾದ ಸ್ಯಾನ್ ಪಾಬ್ಲೋ ಕೊಲ್ಲಿಯನ್ನು ಸೇರುವುದು. ಅಲ್ಲಿ ಮಳೆಯು ಚಳಿಗಾಲದಲ್ಲಿ ಬೀಳುತ್ತದೆ, ಬೇಸಗೆಯು ಒಣಗಾಲ. 1986ನೆಯ ಇಸವಿ ಫೆಬ್ರವರಿ ತಿಂಗಳಿನ ನೆರೆಯಲ್ಲಿ ಮೂವರು ಪ್ರಾಣ ಕಳೆದುಕೊಂಡರು; ಸುಮಾರು 5,000 ಜನರು ಮನೆ ಬಿಟ್ಟು ಹೊರಡಬೇಕಾಯಿತು.

ಹಾಗೆಂದು ಪ್ರವಾಹವನ್ನು ತಡೆಯುವ ಆಲೋಚನೆಯು ಅಂದಿನದಲ್ಲ. ಕೇಂದ್ರ ಸರ್ಕಾರದ ಸೈನ್ಯದ ಇಂಜಿನಿಯರುಗಳು ಕಾಮಗಾರಿ ನಡೆಸಲು 1965ರಲ್ಲಿಯೇ ಅನುಮತಿ ದೊರೆತಿದ್ದಿತು. ಅದಕ್ಕೆ ಸ್ಥಳದ ಜನರೂ ಹಣದ ಪಾಲು ಕೊಡಬೇಕಾಗಿದ್ದುದರಿಂದ, 1970ರ ದಶಕದಲ್ಲಿ ಮತಕ್ಕೆ ಹಾಕಿದಾಗ ಜನರು ಒಪ್ಪಲಿಲ್ಲ. 1986ರ ನೆರೆಯ ತರುವಾಯ ಯೋಜನೆಯು ಮತ್ತೆ ತಲೆಯೆತ್ತಿತು. ಹೊಳೆಯ ಪಾತ್ರವನ್ನು ಆಳವಾಗಿ ತೋಡಿ, ದಡಗಳನ್ನು ಬಿಗಿಮಾಡಿ, ನೀರನ್ನು ಆದಷ್ಟು ಬೇಗನೆ ಕಡಲಿಗೆ ಸಾಗಿಸಿಬಿಡುವುದೇ ಅದರ ತಿರುಳು. 1995ರ ಸುಮಾರಿಗೆ ಈ ಕರಡು ಪರಿಶೀಲನೆಗೆ ಬಂದಾಗ ಆಕ್ಷೇಪಣೆಗಳು ಎದ್ದವು. ಪಾತ್ರವನ್ನು ತೋಡಿದರೆ ಕೊಲ್ಲಿಯ ಉಪ್ಪುನೀರು ಮೇಲಕ್ಕೆ ಏರುವುದೆಂದೂ, ಮೀನುಗಳಿಗೂ ಜೌಗು ಭೂಮಿಗೂ ಕೇಡೆಂದೂ, ಒಮ್ಮೆ ತೋಡಿದ ಪಾತ್ರದಲ್ಲಿ ಹೂಳು ತುಂಬಿ ಮತ್ತೆ ಮತ್ತೆ ತೋಡಬೇಕಾಗುವುದೆಂದೂ ವಾದಿಸಿದರು. ಅನುಮತಿ ಕೊಡಬೇಕಾದ ಇಲಾಖೆಗಳೇ ಹಿಂದೆಗೆದುವು.

ಇಲ್ಲಿ ಪರಿಶೀಲನೆಯ ಶಾಸನವನ್ನು ಕೊಂಚ ವಿವರಿಸುವುದು ಅವಶ್ಯಕ. ಸ್ಥಳೀಯ ಸಂಸ್ಥೆಯು ತಾನೇ ಮಾಡುವ ಕೆಲಸವಾಗಲಿ, ತನ್ನ ಅನುಮತಿಯಿಂದ ಇತರರು ಮಾಡುವ ಕೆಲಸವಾಗಲಿ, ಮೊದಲು ಒಂದು ಪ್ರಾರಂಭದ ವಿಚಾರಣೆಯಾಗಬೇಕು. ಖಾಸಗಿಯವರ ಕೆಲಸಗಳಿಗೂ ಶಾಸನವು ಅನ್ವಯಿಸುವುದೆಂದು 1972ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ತೀರ್ಮಾನಿಸಿತು. ನೀರು, ಮಣ್ಣು, ಗಿಡಮರ, ಪ್ರಾಣಿಗಳು, ಹಳೆಯ ಸಮಾಧಿ ಮುಂತಾದ ಅವಶೇಷಗಳು, ರಸ್ತೆಯ ಸಂಚಾರ, ಇವೆಲ್ಲಕ್ಕೂ ಪ್ರಶ್ನೆಗಳ ಪಟ್ಟಿಯುಂಟು. ಉತ್ತಮ ಸಾಗುವಳಿ ಜಮೀನು ಬೇರೆ ಉಪಯೋಗಕ್ಕೆ ಹೋಗುವುದೋ ಎಂಬ ಪ್ರಶ್ನೆಯೂ ಅದರಲ್ಲಿ ಸೇರಿದೆಯೆಂಬುದನ್ನು ಜಮೀನ್ದಾರರು ಗಮನಿಸತಕ್ಕದ್ದು. ಹಾನಿಯು ಅಲ್ಪವೆಂದಾಗಲಿ, ಒಪ್ಪಿಕೊಂಡ ಷರತ್ತುಗಳಿಂದ ಅದನ್ನು ತಗ್ಗಿಸಬಹುದೆಂದಾಗಲಿ ಕಂಡುಬಂದರೆ ಒಂದು ಚಿಕ್ಕ ಘೋಷಣೆ ಸಾಕು. ದೊಡ್ಡ ಹಾನಿಯುಂಟೆನ್ನಲು ಆಧಾರವಿದ್ದರೆ ಪೂರ್ಣ ವರದಿಯೇ ಆಗಬೇಕು. ಪೂರ್ಣ ವರದಿಯಲ್ಲಿ ಉದ್ದೇಶಿಸಿದ ಕೆಲಸವಲ್ಲದೆ ಬೇರೆ ಮಾರ್ಗಗಳನ್ನೂ ತೂಗಿ ನೋಡಬೇಕು. ಏನನ್ನೂ ಮಾಡದೆ ಇದ್ದಂತೆಯೇ ಬಿಟ್ಟರೆ ಏನಾಗುವುದೆಂಬುದನ್ನು ಸಹ ಬರೆಯಬೇಕು. ಈ ಕಡೆಯ ನಿಯಮವು ಬಹಳ ಉಪಯುಕ್ತವಾದದ್ದು. ಕೆಲಸ ಬೇಕೆನ್ನುವವರು ಅದರ ಹಾನಿಯನ್ನು ಮರೆಸುವಂತೆ, ಬೇಡವೆನ್ನುವವರು ಸುಮ್ಮನಿರುವುದರ ಹಾನಿಯನ್ನು ಮರೆಸುವುದುಂಟಷ್ಟೆ!

ಕರಡನ್ನು ಸಾರ್ವಜನಿಕರ ಮುಂದಿಡುವ ಅವಧಿಯೂ ಗೊತ್ತಾಗಿದೆ. ಚಿಕ್ಕ ಘೋಷಣೆಗೆ ಸಾಮಾನ್ಯವಾಗಿ 20 ಅಥವಾ 30 ದಿನ; ಪೂರ್ಣ ವರದಿಗೆ ಅನೇಕ ಸಂದರ್ಭಗಳಲ್ಲಿ 45 ದಿನ. ಪೂರ್ಣ ವರದಿಯ ಮೇಲೆ ಬಂದ ಆಕ್ಷೇಪಣೆಗಳು ಪರಿಸರಕ್ಕೆ ಸಂಬಂಧಪಟ್ಟವಾದರೆ, ಅವು ಬೇಸಾಯಗಾರನಿಂದ ಬಂದಿರಲಿ ಇಲಾಖೆಯಿಂದ ಬಂದಿರಲಿ, ಲಿಖಿತವಾಗಿ ಸಮಾಧಾನ ಹೇಳತಕ್ಕದ್ದು. ತಗ್ಗಿಸಲಾಗದ ಹಾನಿಯೇನಾದರೂ ಉಳಿದರೆ, ಅದಕ್ಕಿಂತ ದೊಡ್ಡ ಪ್ರಯೋಜನ ಇಂತಿಂಥದೆಂದು ಮಂಡಲಿಯು ಕಾರಣ ಬರೆದ ಮೇಲೆಯೇ ಕೆಲಸಕ್ಕೆ ಒಪ್ಪಿಗೆ ಕೊಡಬಹುದು. ಷರತ್ತುಗಳು ಕಾಗದದಲ್ಲಿಯೇ ಉಳಿಯಬಾರದೆಂದು, ಅವು ನೆರವೇರಿದುವೋ ಇಲ್ಲವೋ ನೋಡುವ ಏರ್ಪಾಡನ್ನೂ ಮಂಡಲಿಯೇ ಮಾಡಬೇಕೆಂದು 1989ರಿಂದ ವಿಧಿಸಲಾಗಿದೆ.

ಮೊದಲ ಕರಡು ಬಿದ್ದುಹೋದ ಮೇಲೆ ನಾಪಾ ಪಟ್ಟಣದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಇಂಜಿನಿಯರುಗಳು, ವರ್ತಕರು, ಬೇಸಾಯಗಾರರು, ಮೀನು ಮತ್ತು ಪಕ್ಷಿಗಳ ರಕ್ಷಣೆಯನ್ನು ಕೋರುವವರು, ಎಲ್ಲರೂ ಒಂದು ಒಕ್ಕೂಟವಾಗಿ ಕಲೆತು ಹೊಸ ಯೋಜನೆಯನ್ನು ಹೊಸೆದರು. ಅದಕ್ಕೆ ‘ಜೀವಂತ ನದಿ’ ಎಂದು ಹೆಸರಿಟ್ಟರು. ಹೊಳೆಗೆ ಅದರ ಬಯಲನ್ನು ಬಿಟ್ಟುಕೊಟ್ಟು, ನೆರೆಯು ಹರಡಿ ನಿಲ್ಲುವುದಕ್ಕೆ ಸ್ಥಳ ಮಾಡುವುದೇ ಅದರ ಮೂಲತತ್ತ್ವ. ಪಟ್ಟಣದ ದಕ್ಷಿಣದಲ್ಲಿ ಹಿಂದೆ ಒಡ್ಡು ಕಟ್ಟಿ ಒಣಗಿಸಿದ್ದ ನೆಲಕ್ಕೆ ಒಡ್ಡು ಒಡೆದು ಕಡಲಿನ ಉಬ್ಬರದ ನೀರನ್ನು ಬಿಡುವುದು. ಪಟ್ಟಣದೊಳಗೆ ಹೊಳೆಯು ದೊಡ್ಡದಾಗಿ ಬಳಸುವ ಕಡೆ ಅಡ್ಡಲಾಗಿ ಒಂದು ಒಣಕಾಲುವೆಯನ್ನು ತೆಗೆಯುವುದು. ನೀರಿಗೆ ಅಡ್ಡಿಯಾದ ಸೇತುವೆಗಳನ್ನು ಎತ್ತರಿಸಿ ಕಟ್ಟುವುದು. ಕೆಲವು ಮನೆಗಳನ್ನು ಕ್ರಯಕ್ಕೆ ಕೊಂಡು ತೆಗೆಯುವುದು. ಒಣಕಾಲುವೆಯ ಕೆಲಸವನ್ನು ನಮ್ಮ ಕೆರೆಯ ಕೋಡಿಗೆ ಹೋಲಿಸಬಹುದು: ಹೊಳೆಯು ಒಂದು ಮಟ್ಟವನ್ನು ಮೀರಿದಾಗ ಮಾತ್ರ ಅದರಲ್ಲಿ ನೀರು ಹರಿಯುವುದು, ಉಳಿದ ಕಾಲದಲ್ಲಿ ಅದು ಜನರು ತಿರುಗಾಡುವ ಹುಲ್ಲುಬಯಲು.

ಈ ಯೋಜನೆಯ ಪಾಲಿನ ಹಣಕ್ಕಾಗಿ ವ್ಯಾಪಾರದ ಮೇಲೆ ಶೇಕಡ ಅರ್ಧದಂತೆ ಇಪ್ಪತ್ತು ವರ್ಷ ತೆರಿಗೆ ಹಾಕುವ ಪ್ರಶ್ನೆಯನ್ನು 1998ನೆಯ ಇಸವಿ ಮಾರ್ಚಿಯಲ್ಲಿ ಕೌಂಟಿಯ ಜನರ ಮತಕ್ಕಿಟ್ಟರು. ಮೂರರಲ್ಲಿ ಎರಡು ಪಾಲು ಮತಗಳು ಬೀಳಬೇಕಾಗಿದ್ದುವು. ಅದಕ್ಕಿಂತ ಸ್ವಲ್ಪವೇ ಹೆಚ್ಚಾಗಿ ಬಿದ್ದುವು. ಹಿಂದೆ ನಿರಾಕರಿಸಿದ ಕೌಂಟಿಯೇ ಈಗ ಒಪ್ಪಿತು. ಪರಿಸರದ ಪೂರ್ಣ ವರದಿಯು ಕೌಂಟಿಯ ಪ್ರವಾಹ ನಿಯಂತ್ರಣ ಸಂಸ್ಥೆ ಮತ್ತು ಸೈನ್ಯದ ಇಂಜಿನಿಯರುಗಳಿಂದ ಜಂಟಿಯಾಗಿ ಸಿದ್ಧವಾಯಿತು. 2000ದಲ್ಲಿ ಕೆಲಸ ಮೊದಲಾಯಿತು. 600 ಎಕರೆಗೂ ಮೀರಿದ ನೆಲವು ಉಬ್ಬರದ ಜೌಗಾಗಿ ತಿರುಗಿತು. ಹಳೆಯ ಎಣ್ಣೆಯ ಉಗ್ರಾಣಗಳಿಂದ ಕೆಟ್ಟಿದ್ದ ದಡದ ಮಣ್ಣನ್ನು ಅಗೆದು ಶುದ್ಧಿಮಾಡುವ ಭಾರವೂ ಬಿದ್ದಿತು. ಕೇಂದ್ರದ ಹಣವು ನಿಧಾನವಾಗಿ ಬಂದುದರಿಂದ ಕೆಲಸವು ಕುಂಟಿತು. ಕೆಲಸ ಅರೆಯಾಗಿದ್ದಾಗಲೇ 2005ನೆಯ ಇಸವಿ ಡಿಸೆಂಬರ್ 31ರಂದು ಹೊಳೆಯು ಮತ್ತೆ ಪಟ್ಟಣಕ್ಕೆ ನುಗ್ಗಿತು. ಒಣಕಾಲುವೆಯು ಮುಗಿದದ್ದು 2015ರಲ್ಲಿ.

ಪಟ್ಟಣದ ಮಾತು ಹೀಗಾಯಿತು. ಬೇಸಾಯಗಾರರು ತಿಳಿಯಬೇಕಾದ ವಿಷಯವು ಇದಕ್ಕಿಂತ ಹೆಚ್ಚಾಗಿ ಪಟ್ಟಣದಿಂದ ಹತ್ತು ಮೈಲಿಗೂ ಮೇಲಕ್ಕಿರುವ ರುದರ್‌ಫರ್ಡ್ ಎಂಬಲ್ಲಿ ಇರುತ್ತದೆ.

ರುದರ್‌ಫರ್ಡಿನ ಬಳಿ ದ್ರಾಕ್ಷಿಯ ಸಾಲುಗಳು ಹೊಳೆಯ ಅಂಚಿನವರೆಗೂ ಬಂದಿದ್ದುವು. ಉಪನದಿಗಳಿಗೆ ಅಣೆಕಟ್ಟುಗಳು ಬಂದಮೇಲೆ ಮೇಲಿನಿಂದ ಬರುತ್ತಿದ್ದ ಜಲ್ಲಿಯು ನಿಂತುಹೋಯಿತು. ಎರಡು ಕಡೆಯ ಒಡ್ಡುಗಳ ನಡುವೆ ಇಕ್ಕಟ್ಟಿಗೆ ಸಿಕ್ಕಿದ ನೀರು ಪಕ್ಕಕ್ಕೆ ಹರಡಲಾರದೆ ಕೆಳಕ್ಕೆ ಕೊರೆಯಿತು. ಪಾತ್ರವು ಆಳವಾದಂತೆ ದಡವು ಗೋಡೆಯಂತೆ ಕಡಿದಾಗಿ, ಬುಡ ಸವೆದು, ಪ್ರತಿ ಚಳಿಗಾಲದಲ್ಲಿಯೂ ಕುಸಿಯತೊಡಗಿತು. ಕುಸಿದ ಮಣ್ಣು ಕೆಳಗೆ ಹೋಗಿ, ಸಮುದ್ರದಿಂದ ಮೇಲಕ್ಕೆ ಈಜಿಬಂದು ಜಲ್ಲಿಯಲ್ಲಿ ಮೊಟ್ಟೆಯಿಡುವ ಸಾಲ್ಮನ್, ಸ್ಟೀಲ್‌ಹೆಡ್ ಮೀನುಗಳ ಮೊಟ್ಟೆಗಳನ್ನು ಮುಚ್ಚುತ್ತಿದ್ದಿತು.

ಇದರೊಡನೆ ಒಂದು ರೋಗವೂ ಸೇರಿತು. ಪಿಯರ್ಸ್ ರೋಗವೆಂದು ಅದರ ಹೆಸರು. 1892ರಲ್ಲಿ ಅದನ್ನು ಕುರಿತು ವರದಿ ಬರೆದ ನ್ಯೂಟನ್ ಪಿಯರ್ಸ್ ಎಂಬ ವಿಜ್ಞಾನಿಯಿಂದ ಬಂದ ಹೆಸರು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯು ಬಳ್ಳಿಯೊಳಗೆ ನೀರೇರುವ ನಾಳಗಳನ್ನು ಕಟ್ಟಿಬಿಡುವುದು. ಎಲೆಯ ಅಂಚು ಸುಟ್ಟಂತೆ ಒಣಗಿ, ಕೆಲವು ವರ್ಷಗಳಲ್ಲಿ ಬಳ್ಳಿಯೇ ಸಾಯುವುದು; ಹತ್ತಿದ ಬಳ್ಳಿಗೆ ಔಷಧವಿಲ್ಲ. ಇದನ್ನು ಹರಡುವುದು ರಸ ಹೀರುವ ಒಂದು ನೀಲಿ ಹಸಿರು ಬಣ್ಣದ ಜಿಗಿಹುಳು. ಹೊಳೆಯ ದಡದ ಕಾಡುದ್ರಾಕ್ಷಿ, ಪರದೇಶದಿಂದ ಬಂದು ಹಬ್ಬಿದ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆ, ವಿಂಕಾ ಬಳ್ಳಿ ಮುಂತಾದುವುಗಳಲ್ಲಿ ಅದು ವಾಸಮಾಡಿ, ವಸಂತಕಾಲದಲ್ಲಿ ತೋಟಕ್ಕೆ ಹಾರುವುದು. ಆದುದರಿಂದ ಹೊಳೆಯ ಅಂಚಿನ ಸಾಲುಗಳೇ ಮೊದಲು ಸಾಯುತ್ತಿದ್ದುವು.

ತೋಟದವನು ಏನನ್ನು ಬಯಸುವನೆಂಬುದನ್ನು ಹೇಳಲವಶ್ಯವಿಲ್ಲ. ದಡದ ಪೊದೆಯನ್ನೆಲ್ಲ ಕಡಿದು ಬೆಂಕಿಯಿಟ್ಟುಬಿಡಬೇಕೆಂದೇ ಅವನಿಗೆ ತೋರುವುದು. ಮೀನುಗಾರಿಕೆಯ ಇಲಾಖೆಯವರಾದರೋ, ದಡದ ನೆರಳು ಹೋದರೆ ನೀರು ಕಾದು ಮೀನಿನ ಮರಿಗಳು ಉಳಿಯುವುದಿಲ್ಲವಾದ್ದರಿಂದ ಒಂದು ಕೊಂಬೆಯನ್ನೂ ಮುಟ್ಟಕೂಡದೆನ್ನುವರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. 2002ರಲ್ಲಿ ಆ ಭಾಗದ ದ್ರಾಕ್ಷಿ ಬೆಳೆಗಾರರ ಸಂಘವು ತಾನಾಗಿಯೇ ಮುಂದೆ ಬಂದು, ಹೊಳೆಯ ನಾಲ್ಕೂವರೆ ಮೈಲಿ ಉದ್ದವನ್ನು ಒಟ್ಟಾಗಿ ಸರಿಪಡಿಸುವ ಯೋಚನೆಯನ್ನು ಕೌಂಟಿಯ ಮುಂದೆ ತಂದಿತು. ಒಬ್ಬೊಬ್ಬರು ತಮ್ಮ ತಮ್ಮ ದಡಕ್ಕೆ ಕಲ್ಲು ತುಂಬಿದರೆ ಪ್ರಯೋಜನವಿಲ್ಲವೆಂಬುದನ್ನು ಅವರು ಅನುಭವದಿಂದ ಅರಿತಿದ್ದರು.

ಕೌಂಟಿಯ ಪರಿಶೀಲನೆಯಲ್ಲಿ ಎರಡು ಪಕ್ಷದವರ ವಾದಗಳೂ ಒಂದೇ ಮೇಜಿನ ಮೇಲೆ ಬಂದುವು. ಹುಳುವಿಗೆ ಆಶ್ರಯಕೊಡುವ ಗಿಡಗಳನ್ನು ಮಾತ್ರ ಕಿತ್ತು, ಆಶ್ರಯಕೊಡದ ಓಕ್ ಮುಂತಾದ ದೇಶೀಯ ಮರಗಳನ್ನು ನೆಡಬಹುದೆಂದು ಗೊತ್ತಾಯಿತು. ನೆರಳೂ ಉಳಿಯಿತು, ರೋಗದ ಬೀಡೂ ಕಡಿಮೆಯಾಯಿತು. ಆದರೆ ಗೋಡೆಯಂಥ ದಡವನ್ನು ಇಳಿಜಾರಾಗಿಯೂ ಮೆಟ್ಟಿಲುಮೆಟ್ಟಿಲಾಗಿಯೂ ಕಡಿಯುವುದಕ್ಕೂ ಒಡ್ಡನ್ನು ಹಿಂದಕ್ಕೆ ಸರಿಸುವುದಕ್ಕೂ ನೆಲ ಬೇಕಷ್ಟೆ. ಆ ನೆಲವನ್ನು ಜಮೀನಿನ ಒಡೆಯರೇ ದ್ರಾಕ್ಷಿಯ ಸಾಲುಗಳನ್ನು ತೆಗೆದು ಬಿಟ್ಟುಕೊಟ್ಟರು. ಅಷ್ಟು ಬೆಲೆಬಾಳುವ ನೆಲವನ್ನು ಬಿಡುವುದು ಸುಲಭದ ಮಾತಲ್ಲ. ಆದರೂ ವರ್ಷ ವರ್ಷವೂ ಕುಸಿತದಿಂದಲೂ ರೋಗದಿಂದಲೂ ಹೋಗುತ್ತಿದ್ದ ಸಾಲುಗಳನ್ನು ಎಣಿಸಿದರೆ, ತಾವಾಗಿ ಬಿಟ್ಟದ್ದು ನಷ್ಟವೆಂದು ಹೇಳಲಾಗದು. ಕೌಂಟಿಯು 1998ರ ತೆರಿಗೆಯ ಹಣದಿಂದ ನೆರವಾಯಿತು. 2009ರಿಂದ ಮೊದಲುಗೊಂಡು ತುಂಡುತುಂಡಾಗಿ ಕೆಲಸ ನಡೆಯಿತು.

ಇಂಥ ಕೆಲಸಗಳಿಗೆ ವಿಧಿಸುವ ಷರತ್ತುಗಳು ನೋಡಲು ಸಣ್ಣವು. ಹೊಳೆಯೊಳಗಿನ ಅಗೆತವು ಒಣಗಾಲದಲ್ಲಿ ಮಾತ್ರ. ಮರ ಕಡಿಯುವ ಮೊದಲು ಗೂಡುಗಳನ್ನು ನೋಡಬೇಕು. ಮಡುವಿನ ಮೀನನ್ನೂ, ಅಳಿವಿನ ಅಂಚಿನಲ್ಲಿರುವ ಒಂದು ಜಾತಿಯ ಸಿಹಿನೀರಿನ ಸೀಗಡಿಯನ್ನೂ ಮೊದಲೇ ಹಿಡಿದು ಬೇರೆಡೆ ಬಿಡಬೇಕು. ಹಳೆಯ ಮೂಳೆ, ಕಲ್ಲಿನ ಆಯುಧ ಸಿಕ್ಕಿದರೆ ಅಗೆತ ನಿಲ್ಲಿಸಬೇಕು. ಗುತ್ತಿಗೆದಾರರಿಗೆ ಇವು ಕಿರುಕುಳವೆನಿಸುವುದುಂಟು. ಆದರೆ ಹಾನಿಯನ್ನು ತಪ್ಪಿಸುವುದು ಮೊದಲನೆಯದು, ತಪ್ಪದಿದ್ದರೆ ತಗ್ಗಿಸುವುದು ಎರಡನೆಯದು, ಅದೂ ಆಗದಿದ್ದರೆ ಬೇರೆಡೆ ಬದಲು ಕೊಡುವುದು ಕೊನೆಯದು ಎಂಬ ಅನುಕ್ರಮವು ಇವುಗಳ ಹಿಂದಿದೆ. ಈ ಅನುಕ್ರಮವನ್ನು ತಲೆಕೆಳಗು ಮಾಡುವ ಚಪಲವು ಎಲ್ಲೆಡೆಯೂ ಉಂಟು. ಒಂದು ಜೌಗನ್ನು ಮುಚ್ಚಿ ಮತ್ತೊಂದು ಕಡೆ ಹೊಂಡ ತೋಡಿದರೆ ಲೆಕ್ಕ ಸರಿಹೋಯಿತೆನ್ನುವರು. ಜೌಗು ಭೂಮಿಯ ಒಟ್ಟು ಮೊತ್ತವು ಕಡಿಮೆಯಾಗಬಾರದೆಂಬ ಧ್ಯೇಯವನ್ನು ಅಮೆರಿಕಾದ ಕೇಂದ್ರ ಸರ್ಕಾರವು 1989ರಲ್ಲಿ ಸಾರಿದರೂ, ಬದಲು ಕೊಡುವ ಪದ್ಧತಿಯಿಂದ ಅದು ಸಾಧಿಸುತ್ತಿಲ್ಲವೆಂದು ಆ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯು 2001ರಲ್ಲಿ ಸ್ಪಷ್ಟವಾಗಿ ಹೇಳಿತು. ಕ್ಯಾಲಿಫೋರ್ನಿಯಾದ ಮಟ್ಟಿಗಂತೂ ಮೂಲದ ಜೌಗಿನಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗವು ಆ ಮೊದಲೇ ಹೋಗಿತ್ತು.

ಪರಿಶೀಲನೆಯಲ್ಲಿ ದೋಷಗಳಿಲ್ಲವೆಂದಲ್ಲ. ವರದಿಗಳು ಸಾಮಾನ್ಯನು ಓದಲಾರದಷ್ಟು ದಪ್ಪವಾಗುತ್ತವೆ, ವೆಚ್ಚವು ವಿಶೇಷ, ನೆರೆಯವನ ಕೆಲಸವನ್ನು ಕೆಡಿಸಬೇಕೆನ್ನುವವನು ನ್ಯಾಯಾಲಯಕ್ಕೆ ಹೋಗಿ ವರ್ಷಗಟ್ಟಲೆ ತಡೆಯುವುದೂ ಉಂಟು. ಒಪ್ಪಿಗೆಯ ಪ್ರಕಟನೆಯಾದ ಮೇಲೆ ದಾವೆಗೆ 30 ದಿನದ ಗಡುವನ್ನಿಟ್ಟಿರುವುದು ಇದಕ್ಕೆ ಅಲ್ಪಸ್ವಲ್ಪ ತಡೆ. ರುದರ್‌ಫರ್ಡಿನಲ್ಲಿ ಕೆಲಸವು ಸಾಗಿದ್ದಕ್ಕೆ, ಆಕ್ಷೇಪಣೆ ಮಾಡಬಹುದಾಗಿದ್ದ ದಡದ ಒಡೆಯರೇ ಯೋಜನೆಯನ್ನು ತಂದವರಾಗಿದ್ದುದು ಮುಖ್ಯ ಕಾರಣ. ಕೆಲಸ ಮುಗಿದ ಮೇಲೆಯೂ ಅವರು ಹೊಣೆಯನ್ನು ಕೌಂಟಿಯ ತಲೆಗೆ ಕಟ್ಟಲಿಲ್ಲ. ದಡದ ಪೋಷಣೆಗಾಗಿ ವರ್ಷಕ್ಕೆ ಇಷ್ಟೆಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಮಳೆಗಾಲದ ತರುವಾಯ ದಡವು ಎಲ್ಲಿ ಕುಸಿದಿದೆ, ಬ್ಲ್ಯಾಕ್‌ಬೆರಿಯು ಎಲ್ಲಿ ಮತ್ತೆ ಚಿಗುರಿದೆ, ನೆಟ್ಟ ಸಸಿಗಳಲ್ಲಿ ಯಾವುವು ಸತ್ತಿವೆ ಎಂಬುದನ್ನು ನೋಡಿ ಸರಿಪಡಿಸುವ ಖರ್ಚು ಆ ಹಣದಿಂದ ನಡೆಯುವಂತೆ ಏರ್ಪಾಡಾಯಿತು.