ಧ್ವನಿವರ್ಧಕದ ಗುಂಜಾರವ: ಕಾರಣ ಮತ್ತು ಪರಿಹಾರ

ಧ್ವನಿವರ್ಧಕದ ಗುಣದೋಷಗಳು ಅದು ನುಡಿಯುವಾಗ ಮಾತ್ರವಲ್ಲ, ನುಡಿಯದಿರುವಾಗಲೂ ತಿಳಿದುಬರುತ್ತವೆ. ಭಾಷಣಕಾರರು ಮಾತು ನಿಲ್ಲಿಸಿದೊಡನೆ ಸ್ಪೀಕರಿನಿಂದ 'ಗುಂಯ್' ಎಂಬ ಸದ್ದು ಕೇಳಿಬಂದರೆ ಯಂತ್ರದಲ್ಲಿ ದೋಷವಿದೆಯೆಂದೇ ತಿಳಿಯಬೇಕು. ಈ ಸದ್ದು ಬರಿಯ ಕಿರಿಕಿರಿಯಲ್ಲ. ಮೆಲುದನಿಯ ಅಕ್ಷರಗಳನ್ನು ಅದು ಮುಚ್ಚಿಹಾಕುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗೆ ಪಾಠವು ಅರ್ಧವಷ್ಟೇ ಮುಟ್ಟುತ್ತದೆ. ಸದ್ದು ಕೇಳಿದೊಡನೆ ದೊಡ್ಡದೊಂದು ಕೆಪಾಸಿಟರನ್ನು ತಂದು ಜೋಡಿಸುವುದು ರೂಢಿ. ಆದರೆ ನಿದಾನವಿಲ್ಲದ ಚಿಕಿತ್ಸೆಯಂತೆ ಅದು ಹಲವು ವೇಳೆ ನಿಷ್ಫಲವಾಗುತ್ತದೆ.

ಸದ್ದಿನ ಮೂಲವನ್ನು ಮೊದಲು ನೋಡೋಣ. ಭಾರತದಲ್ಲಿ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಸೆಕೆಂಡಿಗೆ 50 ಬಾರಿ ಆವರ್ತಿಸುವಂಥದು. ಟ್ರಾನ್ಸ್‌ಫಾರ್ಮರು ಅದರ ಒತ್ತಡವನ್ನು ತಗ್ಗಿಸುತ್ತದೆ. ನಾಲ್ಕು ಡಯೋಡುಗಳು ಅದನ್ನು ಏಕಮುಖವಾಗಿ ಹರಿಸುತ್ತವೆ. ಆಗ ಪ್ರತಿ ಆವರ್ತನದಲ್ಲಿಯೂ ಎರಡು ಅಲೆಗಳೆದ್ದು, ಸೆಕೆಂಡಿಗೆ 100 ಅಲೆಗಳಾಗುತ್ತವೆ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ನೀರುಣಿಸುವ ಕೆರೆಯಂತೆ, ಕೆಪಾಸಿಟರು ಅಲೆಯೇರಿದಾಗ ತುಂಬಿಕೊಂಡು ಇಳಿದಾಗ ವಿದ್ಯುತ್ತನ್ನು ಒದಗಿಸುತ್ತದೆ. ಆದರೂ ಸ್ವಲ್ಪ ಏರಿಳಿತ ಉಳಿದೇ ಉಳಿಯುತ್ತದೆ. 1000 ಮೈಕ್ರೋಫ್ಯಾರಡಿನ ಕೆಪಾಸಿಟರಿನಿಂದ 100 ಮಿಲಿಆಂಪಿಯರ್ ಎಳೆದರೆ ಈ ಏರಿಳಿತವು ಸುಮಾರು 1 ವೋಲ್ಟಿನಷ್ಟಿರುತ್ತದೆ. 2200 ಮೈಕ್ರೋಫ್ಯಾರಡಿಗೆ ಏರಿಸಿದರೆ ಅರ್ಧ ವೋಲ್ಟಿಗಿಂತ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಅಂಶ ಗಮನಾರ್ಹ. ಚಿಕ್ಕ ಧ್ವನಿವರ್ಧಕಗಳಲ್ಲಿ ಬಹಳವಾಗಿ ಬಳಸುವ ಎಲ್‌ಎಂ 386 ಎಂಬ ಚಿಪ್ಪು ಸುಮ್ಮನಿರುವಾಗ ಎಳೆಯುವುದು ಸುಮಾರು 4 ಮಿಲಿಆಂಪಿಯರ್ ಮಾತ್ರ. ಆಗಿನ ಏರಿಳಿತ 1 ವೋಲ್ಟಿನ ಇಪ್ಪತ್ತೈದನೆಯ ಒಂದು ಪಾಲು. ಹೀಗಿದ್ದೂ ಮೌನದಲ್ಲಿ ಜೋರಾಗಿ ಸದ್ದು ಬರುತ್ತಿದ್ದರೆ ಕೆಪಾಸಿಟರು ಚಿಕ್ಕದೆಂಬುದೊಂದೇ ಅದಕ್ಕೆ ಕಾರಣವಾಗಲಾರದು. ದೋಷವನ್ನು ಬೇರೆಡೆಯೂ ಹುಡುಕಬೇಕು.

ಪರೀಕ್ಷೆ ಸುಲಭ. ಸರಬರಾಜನ್ನು ಕಳಚಿ 9 ವೋಲ್ಟಿನ ಬ್ಯಾಟರಿಯನ್ನು ಜೋಡಿಸಬೇಕು. ಸದ್ದು ಅಡಗಿದರೆ ದೋಷವು ಸರಬರಾಜಿನಲ್ಲಿ ಅಥವಾ ಅದರ ತಂತಿಗಳ ಹಾದಿಯಲ್ಲಿದೆ. ಅಡಗದಿದ್ದರೆ ಮೈಕಿನ ಕಡೆಯ ತಂತಿಗಳು ಸುತ್ತಲಿನ ವಿದ್ಯುತ್ ತಂತಿಗಳಿಂದ ಸದ್ದನ್ನು ಎಳೆದುಕೊಳ್ಳುತ್ತಿವೆ. ಅವಕ್ಕೆ ಲೋಹದ ಹೊದಿಕೆಯುಳ್ಳ ತಂತಿಯೇ ಬೇಕು.

ಸರಬರಾಜಿನ ದೋಷಕ್ಕೆ ಪರಿಹಾರಗಳು ಮೂರು. ಮೊದಲನೆಯದು, ಚಿಪ್ಪಿನ 7ನೆಯ ಕಾಲಿನಿಂದ ನೆಲದ ತಂತಿಗೆ 10 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಜೋಡಿಸುವುದು. ಈ ಕಾಲು ಇರುವುದೇ ಅದಕ್ಕಾಗಿ. ಆದರೂ ಅದನ್ನು ಖಾಲಿ ಬಿಡುವವರೇ ಹೆಚ್ಚು. ಎರಡನೆಯದು, 7809 ಎಂಬ ನಿಯಂತ್ರಕವನ್ನು ಅಳವಡಿಸುವುದು. ಅಲೆಯ ತಗ್ಗಿನಲ್ಲಿಯೂ ಅದಕ್ಕೆ ಸುಮಾರು 11 ವೋಲ್ಟಿಗಿಂತ ಹೆಚ್ಚು ದೊರೆಯುತ್ತಿರಬೇಕು. ಇಲ್ಲವಾದರೆ ಏರಿಳಿತವು ಹಾಗೆಯೇ ದಾಟಿಬರುತ್ತದೆ. ಮೂರನೆಯದೇ ಮುಖ್ಯವಾದುದು: ನೆಲದ ತಂತಿಗಳ ವಿನ್ಯಾಸ. ಕೆಪಾಸಿಟರು ತುಂಬುವಾಗ ವಿದ್ಯುತ್ತು ಸಣ್ಣ ಸಣ್ಣ ಹೊಡೆತಗಳಾಗಿ ಹರಿಯುತ್ತದೆ. ಆ ಹಾದಿಯನ್ನೇ ಮೈಕಿನ ನೆಲದ ತಂತಿಯೂ ಹಂಚಿಕೊಂಡರೆ ಪ್ರತಿಯೊಂದು ಹೊಡೆತವೂ ದನಿಯೊಡನೆ ಬೆರೆತು, 20ರಿಂದ 200 ಪಟ್ಟು ಹಿಗ್ಗಿ ಕೇಳುತ್ತದೆ. ಆದ್ದರಿಂದ ಡಯೋಡುಗಳ ತಂತಿಯನ್ನು ನೇರವಾಗಿ ಕೆಪಾಸಿಟರಿಗೆ ಮುಟ್ಟಿಸಿ, ಅದರ ಋಣಧ್ರುವದಿಂದ ಮುಂದೆ ಒಂದು ಬಿಂದುವನ್ನು ಗೊತ್ತುಮಾಡಿ, ಸ್ಪೀಕರಿನ ತಂತಿಯನ್ನೂ ಮೈಕಿನ ತಂತಿಯನ್ನೂ ಅಲ್ಲಿಗೆ ಬೇರೆ ಬೇರೆಯಾಗಿ ತರಬೇಕು. ಇದಕ್ಕೆ ಖರ್ಚಿಲ್ಲ, ತಾಳ್ಮೆಯಷ್ಟೇ ಬೇಕು.

ಕಡೆಯದಾಗಿ ಒಂದು ಎಚ್ಚರಿಕೆ. ಸದ್ದು ಅಡಗುವುದೆಂದು ಕೆಲವರು ಲೋಹದ ಪೆಟ್ಟಿಗೆಯ ಅರ್ಥ್ ತಂತಿಯನ್ನೇ ಕತ್ತರಿಸಿಬಿಡುತ್ತಾರೆ. ಟ್ರಾನ್ಸ್‌ಫಾರ್ಮರಿನ ಹೊದಿಕೆ ಕೆಟ್ಟ ದಿನ ಪೆಟ್ಟಿಗೆಯ ಮೈಯಲ್ಲೆಲ್ಲ 230 ವೋಲ್ಟ್ ಹರಡಿ, ಮುಟ್ಟಿದವರ ಪ್ರಾಣಕ್ಕೇ ಮುಳುವಾಗುತ್ತದೆ. ಸದ್ದನ್ನು ಇನ್ನೊಂದು ದಿನ ಸಹಿಸಬಹುದು. ಆ ತಂತಿಯನ್ನು ಮಾತ್ರ ಎಂದಿಗೂ ಕೀಳಬಾರದು.